ಸೀಸೆ ಹಾಲಿನ ಕೂಸು ರಚ್ಚೆ ಹಿಡಿದರೆ



ರಾಗಿ, ಅವರೆ, ಕೊಟ್ಟಿಗೆಯ ವಿಷಯಗಳನ್ನು ಓದಿ ರೂಢಿಯಾದ ಈ ಪುಟದಲ್ಲಿ ಎಳೆಗೂಸಿನ ಮಾತು ಬಂದಿರುವುದು ನಿಮಗೆ ವಿಚಿತ್ರವೆನಿಸಬಹುದು. "ಇದು ಹೆಂಗಸರ ವಿಷಯ" ಎಂದು ಪುಟ ಮಗುಚಬೇಡಿ. ದಾಬಸ್‌ಪೇಟೆಯ ಮಗ್ಗುಲಲ್ಲಿ ಸೋಂಪುರದ ಕೈಗಾರಿಕಾ ಪ್ರದೇಶ ಬೆಳೆದ ಮೇಲೆ ನಮ್ಮ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ತಾಯಿ ಬೆಳಗಿನ ಪಾಳಿಗೆ ಹೊರಟುಬಿಡುತ್ತಾಳೆ. ಕೂಸು ಅಜ್ಜಿಯ ಮಡಿಲಲ್ಲಿಯೋ, ಹೊಲದಿಂದ ಬಂದ ತಂದೆಯ ತೋಳಿನಲ್ಲಿಯೋ ಉಳಿಯುತ್ತದೆ. ಅದರ ಬಾಯಿಗೆ ಸೀಸೆ ಬರುತ್ತದೆ. ಆ ಸೀಸೆಯನ್ನು ಹಿಡಿಯುವ ಕೈ ಯಾರದೋ ಅವರಿಗಾಗಿಯೇ ಈ ಪಾಠ.

ದೂರು ಎಲ್ಲ ಮನೆಯಲ್ಲೂ ಒಂದೇ. ಹಗಲೆಲ್ಲ ಸುಮ್ಮನಿದ್ದ ಕೂಸು ದೀಪ ಹಚ್ಚುವ ಹೊತ್ತಿಗೆ ರಚ್ಚೆ ಹಿಡಿಯುತ್ತದೆ. ಮುಖ ಕೆಂಪಾಗುತ್ತದೆ, ಮುಷ್ಟಿ ಬಿಗಿಯುತ್ತದೆ, ಕಾಲನ್ನು ಹೊಟ್ಟೆಗೆ ಎಳೆದುಕೊಳ್ಳುತ್ತದೆ. ಹೊಟ್ಟೆ ತಟ್ಟಿದರೆ ಡಬಡಬ ಎನ್ನುತ್ತದೆ. ಗಾಳಿ ಹೋದಾಗ ಒಂದು ಗಳಿಗೆ ಸುಮ್ಮನಾಗಿ ಮತ್ತೆ ಆರಂಭಿಸುತ್ತದೆ. ಒಬ್ಬರು ಗ್ಯಾಸು ಎನ್ನುತ್ತಾರೆ, ಇನ್ನೊಬ್ಬರು ದೃಷ್ಟಿ ಎನ್ನುತ್ತಾರೆ, ಮೂರನೆಯವರು ಹಾಲಿನ ಡಬ್ಬವನ್ನೇ ಬದಲಾಯಿಸಿ ಎನ್ನುತ್ತಾರೆ. ಔಷಧದ ಅಂಗಡಿಗೆ ಓಡುವ ಮೊದಲು ನೋಡಬೇಕಾದದ್ದು ಒಂದುಂಟು. ಸೀಸೆ ಕುಡಿಯುವ ಕೂಸಿನ ಹೊಟ್ಟೆಯಲ್ಲಿ ಸೇರಿಕೊಳ್ಳುವ ಗಾಳಿಯ ಬಹುಪಾಲು ಹಾಲಿನೊಡನೆ ಬಾಯಿಂದಲೇ ಒಳಗೆ ಹೋದದ್ದು. ಹೋಗುವ ದಾರಿಯನ್ನು ಕಡಮೆ ಮಾಡುವುದು ನಮ್ಮ ಕೈಯಲ್ಲಿದೆ.

ಕರು ಸಾಕಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತಾಯ ಕೆಚ್ಚಲಿಗೆ ಬಾಯಿಕ್ಕಿ ಚೀಪುವ ಕರು ಹಾಯಾಗಿರುತ್ತದೆ. ಅದೇ ಕರು ಬಕೆಟ್ಟಿಗೆ ಮೂತಿ ಇಟ್ಟು ಗಟಗಟ ನುಂಗಿದರೆ ಹಾಲು ಹೋಗಬಾರದ ಹೊಟ್ಟೆಗೆ ಹೋಗಿ ಉಬ್ಬರಿಸುವುದನ್ನು ನೀವು ಕಂಡಿದ್ದೀರಿ. ಮನುಷ್ಯರ ಕೂಸಿಗೆ ಇರುವುದು ಒಂದೇ ಹೊಟ್ಟೆ, ಕಾರಣವೂ ಬೇರೆ. ಆದರೆ ಕುಡಿಸುವ ಕ್ರಮ ಕೆಟ್ಟರೆ ಹೊಟ್ಟೆ ಕೆಡುತ್ತದೆ ಎಂಬ ಮಾತು ಎರಡಕ್ಕೂ ಸಲ್ಲುತ್ತದೆ.

ಸೀಸೆ ಹಿಡಿಯುವ ಕ್ರಮ

ಹೋಬಳಿಯ ಒಂದು ಮನೆಯಲ್ಲಿ ಎರಡು ತಿಂಗಳ ಕೂಸು ತೊಟ್ಟಿಲಲ್ಲಿ ಅಂಗಾತ ಮಲಗಿತ್ತು. ಸೀಸೆಯನ್ನು ದಿಂಬಿಗೆ ಒರಗಿಸಿ ಬಾಯಿಗೆ ಇಟ್ಟು ಅಜ್ಜಿ ಹಿತ್ತಲಿಗೆ ಹೋಗಿದ್ದರು. ಸೀಸೆಯಲ್ಲಿ ಅರ್ಧ ಹಾಲು, ನಿಪ್ಪಲ್ಲಿನಲ್ಲಿ ಬರೀ ಗಾಳಿ. ಕೂಸು ಬಿಡದೆ ಚೀಪುತ್ತಲೇ ಇತ್ತು. "ಅಜ್ಜೀ, ಮೋಟಾರು ನೀರಿಲ್ಲದೆ ಓಡಿದ ಹಾಗೆ ಆಗಿದೆಯಲ್ಲಾ" ಎಂದದ್ದಕ್ಕೆ, "ಅಯ್ಯೋ, ಕುಡೀತಾ ಐತೆ ಬಿಡಪ್ಪ" ಎಂದರು. ಕುಡಿಯುತ್ತಿದ್ದದ್ದು ಗಾಳಿಯನ್ನು. ಅಂಗಾತ ಮಲಗಿಸಿ ದಿಂಬಿಗೆ ಒರಗಿಸಿದ ಸೀಸೆಯಿಂದ ಗಾಳಿಯಷ್ಟೇ ಅಲ್ಲ, ಹಾಲು ಉಸಿರಿನ ದಾರಿಗೆ ನುಗ್ಗಿ ಕೂಸು ಉಸಿರು ಕಟ್ಟುವ ಅಪಾಯವೂ ಉಂಟು. ಈ ಒಂದು ಪದ್ಧತಿಯನ್ನು ಈ ಹೊತ್ತೇ ನಿಲ್ಲಿಸಬೇಕು.

ಕೂಸನ್ನು ತೋಳಿನ ಮೇಲೆ, ತಲೆ ಹೊಟ್ಟೆಗಿಂತ ಮೇಲಿರುವಂತೆ, ಅರ್ಧ ಕುಳಿತ ಭಂಗಿಯಲ್ಲಿ ಹಿಡಿಯಿರಿ. ಸೀಸೆಯನ್ನು ನಿಪ್ಪಲ್ಲು ಪೂರ್ತಿ ಹಾಲಿನಿಂದ ತುಂಬಿರುವಷ್ಟು ಓರೆ ಮಾಡಿ, ಹಾಲು ಇಳಿದಂತೆ ಸೀಸೆಯನ್ನೂ ಎತ್ತುತ್ತಾ ಬನ್ನಿ. ಅವಸರ ಬೇಡ. ನಡುನಡುವೆ ಸೀಸೆಯನ್ನು ಸ್ವಲ್ಪ ತಗ್ಗಿಸಿ ಕೂಸಿಗೆ ಉಸಿರಾಡಿಕೊಳ್ಳಲು ಬಿಡಿ. ಅದು ಮುಖ ತಿರುಗಿಸಿತೋ, ತುಟಿ ಬಿಗಿಯಿತೋ, ಸಾಕೆಂದು ತಿಳಿಯಿರಿ. "ಇನ್ನೊಂದು ಗುಟುಕು ಉಳಿದಿದೆ, ದುಡ್ಡು ಕೊಟ್ಟ ಹಾಲು" ಎಂದು ತುರುಕಿದ ಆ ಗುಟುಕೇ ರಾತ್ರಿ ಹೊಟ್ಟೆನೋವಾಗಿ ಬರುತ್ತದೆ. ಹಾಗೆಯೇ ಕೂಸು ಹಸಿದು ಕಿರುಚಿ ಸುಸ್ತಾಗುವವರೆಗೂ ಕಾಯಬೇಡಿ. ಅತ್ತು ಅತ್ತು ಅದು ಗಾಳಿ ನುಂಗಿರುತ್ತದೆ. ಬಾಯಿ ತೆರೆದು ಅತ್ತಿತ್ತ ಹುಡುಕುವುದು, ಕೈಯನ್ನು ಚೀಪುವುದು, ಇವು ಹಸಿವಿನ ಮೊದಲ ಗುರುತುಗಳು.

ನಿಪ್ಪಲ್ಲಿನ ತೂತಿನ ಕಡೆಗೂ ಗಮನವಿರಲಿ. ಸೀಸೆಯನ್ನು ಬೋರಲು ಹಿಡಿದರೆ ಹಾಲು ತೊಟ್ಟುತೊಟ್ಟಾಗಿ, ಸುಮಾರು ಸೆಕೆಂಡಿಗೊಂದು ಹನಿಯಂತೆ ಬೀಳಬೇಕು. ಧಾರೆಯಾಗಿ ಸುರಿದರೆ ಕೂಸು ಉಸಿರು ಕಟ್ಟಿ ಗಬಗಬನೆ ನುಂಗುತ್ತದೆ. ಹನಿ ಬೀಳಲೇ ಒಲ್ಲದಿದ್ದರೆ ಜಗ್ಗಿ ಜಗ್ಗಿ ಪಕ್ಕದಿಂದ ಗಾಳಿ ಎಳೆಯುತ್ತದೆ. ಬೇಗ ಮುಗಿಯಲೆಂದು ಸೂಜಿ ಕಾಯಿಸಿ ತೂತು ಹಿಗ್ಗಿಸುವ ಚಾಳಿ ಕೆಲವು ಮನೆಗಳಲ್ಲಿದೆ. ಹನಿ ನೀರಾವರಿಯ ಪೈಪಿಗೆ ಯಾರಾದರೂ ಮೊಳೆ ಹೊಡೆದು ತೂತು ದೊಡ್ಡದು ಮಾಡುತ್ತಾರೆಯೇ?

ತೇಗು ತರಿಸುವುದು

ಅರ್ಧ ಕುಡಿದಾಗ ಒಮ್ಮೆ, ಮುಗಿದ ಮೇಲೆ ಒಮ್ಮೆ ಕೂಸನ್ನು ಹೆಗಲ ಮೇಲೆ ನೆಟ್ಟಗೆ ಒರಗಿಸಿಕೊಂಡು, ಕುತ್ತಿಗೆಗೆ ಆಸರೆ ಕೊಟ್ಟು, ಬೆನ್ನನ್ನು ಕೆಳಗಿನಿಂದ ಮೇಲಕ್ಕೆ ಸವರಿ ಮೆಲ್ಲಗೆ ತಟ್ಟಿರಿ. ತೊಡೆಯ ಮೇಲೆ ಕೂರಿಸಿ, ಒಂದು ಕೈಯಿಂದ ಗದ್ದ ಮತ್ತು ಎದೆಗೆ ಆಸರೆ ಕೊಟ್ಟು ತುಸು ಮುಂದಕ್ಕೆ ಬಾಗಿಸಿಯೂ ತಟ್ಟಬಹುದು. ಕೆಲವು ಕೂಸು ಬೇಗ ತೇಗುತ್ತವೆ, ಕೆಲವು ತೇಗುವುದೇ ಇಲ್ಲ. ಐದು ನಿಮಿಷ ನೋಡಿ ಬಿಟ್ಟುಬಿಡಿ. ತೇಗು ಬರಲೇಬೇಕೆಂದು ಗುದ್ದಬೇಡಿ. ಕುಡಿದ ಮೇಲೆ ಹದಿನೈದಿಪ್ಪತ್ತು ನಿಮಿಷ ಹೆಗಲ ಮೇಲೆಯೇ ಇರಲಿ. ಈ ಕೆಲಸಕ್ಕೆ ಗಂಡಸರ ಹೆಗಲು ಬಹಳ ಅನುಕೂಲ, ಅಗಲವಾಗಿರುತ್ತದೆ. ಹೆಗಲ ಮೇಲೊಂದು ಒಗೆದ ಬಟ್ಟೆ ಹಾಕಿಕೊಳ್ಳಿ. ಒಂದು ಗುಟುಕು ಹಾಲು ಕಕ್ಕಿದರೆ ಗಾಬರಿಯಿಲ್ಲ. ಮಲಗಿಸುವಾಗ ಬೆನ್ನ ಮೇಲೆಯೇ ಮಲಗಿಸಬೇಕು.

ಗಾಳಿ ಆಗಲೇ ಕೆಳಗಿಳಿದಿದ್ದರೆ ಕೂಸನ್ನು ಅಂಗಾತ ಮಲಗಿಸಿ ಸೈಕಲ್ಲು ತುಳಿದಂತೆ ಕಾಲುಗಳನ್ನು ಒಂದಾದ ಮೇಲೊಂದರಂತೆ ಹೊಟ್ಟೆಯ ಕಡೆಗೆ ಮಡಿಸಿ ಚಾಚಿರಿ. ಬೆಚ್ಚನೆಯ ಅಂಗೈಯಿಂದ ಹೊಕ್ಕುಳ ಸುತ್ತ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ, ಮೆಲ್ಲಗೆ ನೀವಿರಿ. ಕರುಳಿನ ಕೊನೆಯ ಭಾಗ ಸಾಗುವುದು ಅದೇ ದಿಕ್ಕಿಗೆ. ಹಾಲು ಕುಡಿದ ಕೂಡಲೇ ಮಾತ್ರ ಹೀಗೆ ಮಾಡಬಾರದು.

ಪುಡಿ, ನೀರು, ನೊರೆ

ಡಬ್ಬದ ಹಾಲಿನಲ್ಲಿ ಎರಡು ತಪ್ಪು ನಡೆಯುತ್ತವೆ. ಪುಡಿ ಬೇಗ ಖರ್ಚಾಗದಿರಲೆಂದು ನೀರು ಹೆಚ್ಚು ಹಾಕುವುದು ಒಂದು. ಆಗ ಕೂಸಿಗೆ ಹೊಟ್ಟೆ ತುಂಬುತ್ತದೆ, ಹಸಿವು ಹೋಗುವುದಿಲ್ಲ. ಹಸಿವಿನ ಅಳುವನ್ನೇ ನಾವು ಗ್ಯಾಸು ಎನ್ನುತ್ತೇವೆ. ಕೂಸು ದಪ್ಪಗಾಗಲೆಂದು ಚಮಚವನ್ನು ಗೋಪುರದಂತೆ ತುಂಬುವುದು ಇನ್ನೊಂದು. ಆಗ ಮಲ ಹಿಕ್ಕೆಯಂತೆ ಗಟ್ಟಿಯಾಗಿ ಕೂಸು ತಿಣುಕುತ್ತದೆ. ಮೈಯಲ್ಲಿ ನೀರಿನ ಅಂಶವೂ ಕಡಮೆಯಾಗುತ್ತದೆ. ಬೆಳೆಗೆ ಔಷಧಿ ಹೊಡೆಯುವಾಗ ಟ್ಯಾಂಕಿಗೆ ಇಷ್ಟೇ ಮಿಲಿ ಎಂದು ಮುಚ್ಚಳದಲ್ಲಿ ಅಳೆಯುವ ನಾವು ಕೂಸಿನ ಹಾಲಿಗೆ ಕಣ್ಣಂದಾಜು ಹಿಡಿಯುವುದು ಸರಿಯೇ? ಸಾಮಾನ್ಯವಾಗಿ ನಮ್ಮಲ್ಲಿ ಸಿಕ್ಕುವ ಡಬ್ಬಗಳಲ್ಲಿ 30 ಮಿಲಿ ನೀರಿಗೆ ಒಂದು ಮಟ್ಟ ಚಮಚ. ಆದರೂ ನಿಮ್ಮ ಡಬ್ಬದ ಮೇಲೆ ಬರೆದುದೇ ಪ್ರಮಾಣ. ಡಬ್ಬದೊಳಗಿನ ಚಮಚವನ್ನೇ ಬಳಸಿ, ಒತ್ತದೆ, ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿ. ಮೊದಲು ನೀರು, ಆಮೇಲೆ ಪುಡಿ.

ಹಾಲಿನ ಪುಡಿ ಡಬ್ಬದಲ್ಲಿರುವಾಗಲೇ ಪೂರ್ತಿ ರೋಗಾಣುಮುಕ್ತವಲ್ಲ ಎಂಬುದು ಬಹಳ ಜನಕ್ಕೆ ತಿಳಿಯದು. ಆದಕಾರಣ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರಡಿಸಿದ ಸೂಚನೆಯಂತೆ, ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗೆ ಆರುವ ಮುನ್ನವೇ ಪುಡಿ ಬೆರೆಸಬೇಕು. ಒಂದು ಲೀಟರು ನೀರು ಮರಳಿಸಿ ಇಳಿಸಿದರೆ ಅರ್ಧ ಗಂಟೆಯೊಳಗೆ ಬೆರೆಸಿ ಎಂದರ್ಥ. ಆಮೇಲೆ ಸೀಸೆಯನ್ನು ತಣ್ಣೀರಿನ ಪಾತ್ರೆಯಲ್ಲಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿ ಬಿಸಿ ನೋಡಿ ಕುಡಿಸಿರಿ. ಒಮ್ಮೆ ಬೆರೆಸಿದ ಹಾಲು ಎರಡು ಗಂಟೆ ದಾಟಬಾರದು. ಕುಡಿದು ಉಳಿದದ್ದನ್ನು ಮತ್ತೆ ಕುಡಿಸಬಾರದು, ಬೆಕ್ಕಿಗೆ ಹಾಕಿ.

ಸೀಸೆಯನ್ನು ಜೋರಾಗಿ ಕುಲುಕಿದರೆ ನೊರೆ ಬರುತ್ತದೆ. ನೊರೆಯೆಂದರೆ ಗಾಳಿಯೇ. ಡೇರಿಯಲ್ಲಿ ನೊರೆ ಇಳಿಯುವವರೆಗೆ ಕಾಯದೆ ಅಳೆದರೆ ಜಗಳವಾಗುವುದಿಲ್ಲವೇ? ಇಲ್ಲಿಯೂ ಕುಲುಕುವ ಬದಲು ಸೀಸೆಯನ್ನು ಗುಂಡಗೆ ತಿರುಗಿಸಿ ಕರಗಿಸಿ, ನೊರೆ ಇಳಿದ ಮೇಲೆ ಕೊಡಿ. ಅಳತೆಯ ವಿಷಯಕ್ಕೆ, ಹುಟ್ಟಿ ಒಂದು ವಾರ ಕಳೆದ ಕೂಸಿಗೆ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 150 ಮಿಲಿ ಹಾಲು ಬೇಕು. ನಾಲ್ಕು ಕಿಲೋ ತೂಗುವ ಕೂಸಿಗೆ 600 ಮಿಲಿ. ಎಂಟು ಸಾರಿ ಹಂಚಿದರೆ ಒಂದು ಹೊತ್ತಿಗೆ 75 ಮಿಲಿ. ಸ್ವಲ್ಪ ಹೆಚ್ಚು ಕಡಮೆ ಸಹಜ. ಒಂದೇ ಸಲಕ್ಕೆ ಇನ್ನೂರು ಮಿಲಿ ಹಾಕಿ "ರಾತ್ರಿಯೆಲ್ಲ ಮಲಗಲಿ" ಎನ್ನುವುದು ಫಲಿಸುವುದಿಲ್ಲ.

ಸೀಸೆ, ನಿಪ್ಪಲ್ಲುಗಳನ್ನು ಪ್ರತಿ ಸಾರಿಯೂ ಬಿಚ್ಚಿ ಬ್ರಷ್ಷು, ಸೋಪಿನಿಂದ ಉಜ್ಜಿ, ನೀರಿನಲ್ಲಿ ಮುಳುಗಿಸಿ ಹತ್ತು ನಿಮಿಷ ಕುದಿಸಬೇಕು. ಹಳಸಿದ ಹಾಲಿನ ಜಿಡ್ಡು ನಿಪ್ಪಲ್ಲಿನ ಮೂಲೆಯಲ್ಲಿ ಅಂಟಿಕೊಂಡಿದ್ದರೆ ಭೇದಿ ತಪ್ಪಿದ್ದಲ್ಲ.

ಕೊಳವೆ ಬಾವಿಯ ನೀರು

ನೀರಿನ ಬಗ್ಗೆ ರೈತರು ವಿಶೇಷವಾಗಿ ತಿಳಿಯಬೇಕಾದದ್ದಿದೆ. ಹೊಲಕ್ಕೆ ಹಾಕಿದ ಯೂರಿಯಾ, ಮನೆ ಹಿಂದಿನ ತಿಪ್ಪೆ, ಪಾಯಿಖಾನೆ ಗುಂಡಿ ಇವುಗಳಿಂದ ನೈಟ್ರೇಟು ನೆಲದೊಳಕ್ಕೆ ಬಸಿದು ಬಾವಿಗೆ ಸೇರುತ್ತದೆ. ದೊಡ್ಡವರಿಗೆ ಅಷ್ಟಾಗಿ ತೊಂದರೆ ಕಾಣದು. ಆದರೆ ಆ ನೀರಿನಲ್ಲಿ ಕಲಸಿದ ಹಾಲು ಕುಡಿಯುವ ಮೂರು ನಾಲ್ಕು ತಿಂಗಳೊಳಗಿನ ಕೂಸಿನ ರಕ್ತ ಪ್ರಾಣವಾಯುವನ್ನು ಹೊರುವ ಶಕ್ತಿ ಕಳೆದುಕೊಂಡು ತುಟಿ, ಉಗುರು ನೀಲಿಗಟ್ಟುತ್ತವೆ. 1945ರಲ್ಲಿ ಅಮೆರಿಕದ ಅಯೋವಾ ಪ್ರಾಂತ್ಯದ ಹಳ್ಳಿಗಾಡಿನ ಕೂಸುಗಳಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು ಇದನ್ನು ಗುರುತಿಸಿ, ಕಾರಣ ತೋಟದ ಮನೆಗಳ ಬಾವಿ ನೀರೆಂದು ತೋರಿಸಿದರು. ನಮ್ಮ ದೇಶದ ಮಾನದಂಡದಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟು ಮಿತಿ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟು ಹೋಗುವುದಿಲ್ಲ; ಬತ್ತಿದಷ್ಟೂ ಹೆಚ್ಚು ಗಾಢವಾಗುತ್ತದೆ. ಆದುದರಿಂದ ತೋಟದ ಬೋರಿನ ನೀರನ್ನು ಪರೀಕ್ಷೆ ಮಾಡಿಸದೆ ಕೂಸಿಗೆ ಬಳಸಬೇಡಿ. ಗ್ರಾಮ ಪಂಚಾಯಿತಿಯಲ್ಲಿ ಕೇಳಿ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಶುದ್ಧ ನೀರಿನ ಘಟಕದಿಂದ ತಂದು ಕುದಿಸಿ ಬಳಸಿ.

ಮನೆಯ ಹಸುವಿನ ಹಾಲು

"ಕೊಟ್ಟಿಗೆಯಲ್ಲಿ ಹಸು ಇರುವಾಗ ಡಬ್ಬಕ್ಕೆ ನೂರಾರು ರೂಪಾಯಿ ಏಕೆ?" ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಸು ಹಾಲು ಕೊಡುವುದು ಕರುವಿಗೆ. ಕರು ತಿಂಗಳುಗಳಲ್ಲಿ ಮೂಳೆ ಮಾಂಸ ತುಂಬಿ ನಿಲ್ಲಬೇಕು. ಮಗುವಿಗೆ ಆ ಅವಸರವಿಲ್ಲ. ತಾಯ ಹಾಲಿನಲ್ಲಿ ನೂರು ಮಿಲಿಗೆ ಸುಮಾರು ಒಂದು ಗ್ರಾಂ ಸಸಾರಜನಕವಿದ್ದರೆ ಹಸುವಿನ ಹಾಲಿನಲ್ಲಿ ಮೂರು ಗ್ರಾಮಿಗೂ ಮೇಲೆ ಇದೆ, ಉಪ್ಪಿನಂಶವೂ ಹೆಚ್ಚು. ಹೊಟ್ಟೆಯಲ್ಲಿ ಅದು ಗಟ್ಟಿ ಗಿಣ್ಣದಂತೆ ಒಡೆಯುತ್ತದೆ, ಎಳೆಯ ಮೂತ್ರಪಿಂಡಗಳಿಗೆ ಹೊರೆಯಾಗುತ್ತದೆ. ಕಬ್ಬಿಣದ ಅಂಶವಂತೂ ಬಹಳ ಕಡಮೆ. ನೀರು ಬೆರೆಸಿದರೆ ಆಗಲೇ ಹೇಳಿದಂತೆ ಹಸಿವು ಉಳಿಯುತ್ತದೆ. ಆರು ತಿಂಗಳಾಗುವವರೆಗೆ, ವೈದ್ಯರು ಹೇಳದೆ, ಹಸು ಎಮ್ಮೆಯ ಹಾಲು ಬೇಡ.

ಡಬ್ಬವನ್ನೂ ವಾರಕ್ಕೊಂದು ಬಗೆ ಬದಲಾಯಿಸಬೇಡಿ. ಮಲದಲ್ಲಿ ರಕ್ತವೋ ಲೋಳೆಯೋ ಕಂಡರೆ, ಮೈಮೇಲೆ ಗಂಧೆ ಎದ್ದರೆ ಹಾಲು ಒಗ್ಗುತ್ತಿಲ್ಲವೆಂಬ ಶಂಕೆ. ಅದನ್ನು ತೀರ್ಮಾನಿಸುವವರು ವೈದ್ಯರು, ಅಂಗಡಿಯವರಲ್ಲ.

ಗ್ರೈಪ್ ವಾಟರು, ಬಜೆ, ಇಂಗು

ಗ್ರೈಪ್ ವಾಟರನ್ನು ನಮ್ಮ ಅಜ್ಜಿಯರೂ ಕುಡಿಸಿದ್ದಾರೆ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿ ಮಾಡಿದ ದ್ರವ ಅದು: ಸಬ್ಬಸಿಗೆಯ ಎಣ್ಣೆ, ಸೋಡ, ಸಕ್ಕರೆ, ಜೊತೆಗೆ ಮದ್ಯಸಾರ. ಕೂಸು ಸುಮ್ಮನಾಗುತ್ತಿದ್ದುದರಲ್ಲಿ ಆಶ್ಚರ್ಯವೇನು! ಮದ್ಯಸಾರವನ್ನು ತೆಗೆದ ಈಗಿನ ಗ್ರೈಪ್ ವಾಟರಿನಿಂದ ಹೊಟ್ಟೆನೋವು ನಿಲ್ಲುತ್ತದೆಂಬುದಕ್ಕೆ ಸರಿಯಾದ ಆಧಾರವಿಲ್ಲ. ಆರು ತಿಂಗಳೊಳಗಿನ ಕೂಸಿಗೆ ಅದರ ಅಗತ್ಯವಿಲ್ಲ.

ಬಜೆ, ಜಾಯಿಕಾಯಿ ತೇದು ನೆಕ್ಕಿಸುವುದನ್ನು ಬಿಡಿ. ತೇದದ್ದು ಎಷ್ಟೆಂಬ ಅಳತೆಯಿಲ್ಲ, ಸಾಣೆಕಲ್ಲು ಎಷ್ಟು ಶುದ್ಧವೆಂಬುದೂ ತಿಳಿಯದು. ಜಾಯಿಕಾಯಿ ಮಂಪರು ತರುತ್ತದೆ. ಜೇನುತುಪ್ಪವನ್ನು ಒಂದು ವರ್ಷ ತುಂಬುವವರೆಗೆ ಮುಟ್ಟಿಸಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಎಳೆಗೂಸಿನ ಮೈಯನ್ನೇ ಸೋಲಿಸಿಬಿಡುತ್ತದೆ. ಹೊಟ್ಟೆ ಉಬ್ಬರಿಸಿದ ದನಕ್ಕೆ ಗೊಟ್ಟದಲ್ಲಿ ಎಣ್ಣೆ ಕುಡಿಸುವಂತೆ ಕೂಸಿಗೆ ಹರಳೆಣ್ಣೆ ಹಾಕಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಹೊಟ್ಟೆಯ ಮೇಲೆ ಬರೆ ಹಾಕಿಸುವ ಮಾತನ್ನು ಯಾರಾದರೂ ಎತ್ತಿದರೆ, ಅವರು ಎಷ್ಟೇ ಹಿರಿಯರಾಗಿರಲಿ, ಖಂಡಿತವಾಗಿ ತಡೆಯಬೇಕು. ದೃಷ್ಟಿ ತೆಗೆಯುವುದು ನಿಮ್ಮ ನಂಬಿಕೆ. ತೆಗೆಯಿರಿ, ಆದರೆ ಒಣಮೆಣಸಿನಕಾಯಿಯ ಹೊಗೆ ಕೂಸು ಮಲಗಿರುವ ಕೋಣೆಗೆ ಬರದಿರಲಿ.

ಗ್ಯಾಸಲ್ಲದ ಅಳು

ಇಷ್ಟೆಲ್ಲ ಸರಿಪಡಿಸಿದರೂ ಸಂಜೆಯಾದರೆ ಅಳುವ ಕೂಸುಗಳುಂಟು. ಅಮೆರಿಕದ ಮಕ್ಕಳ ವೈದ್ಯ ಮಾರಿಸ್ ವೆಸೆಲ್ ಎಂಬುವರು 1954ರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟರು: ಚೆನ್ನಾಗಿ ಹಾಲು ಕುಡಿದು ಬೆಳೆಯುತ್ತಿರುವ ಕೂಸು ದಿನಕ್ಕೆ ಮೂರು ಗಂಟೆಗೂ ಹೆಚ್ಚು, ವಾರದಲ್ಲಿ ಮೂರು ದಿನಕ್ಕೂ ಹೆಚ್ಚು, ಮೂರು ವಾರಕ್ಕೂ ಮೀರಿ ಅಳುವುದು. ಎದೆಹಾಲಿನ ಕೂಸೂ ಹೀಗೆ ಅಳುತ್ತದೆ. ಎರಡು ಮೂರನೆಯ ವಾರದಲ್ಲಿ ತೊಡಗಿ, ಆರನೆಯ ವಾರದ ಹೊತ್ತಿಗೆ ಏರಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ತಾಯಿಯ ತಪ್ಪಲ್ಲ, ಅಜ್ಜಿಯ ತಪ್ಪಲ್ಲ, ಹಾಲಿನ ತಪ್ಪೂ ಅಲ್ಲ. ಎದೆಗವಚಿಕೊಂಡು ಅಂಗಳದಲ್ಲಿ ತಿರುಗಾಡಿ, ಮೆಲ್ಲಗೆ ಗುನುಗಿ, ದೀಪ ಮಂದ ಮಾಡಿ.

ಇಲ್ಲಿ ತಂದೆಯರಿಗೆ ಒಂದು ಮಾತು. ಹಗಲೆಲ್ಲ ದುಡಿದು ಬಂದು, ರಾತ್ರಿ ಎರಡು ಗಂಟೆಗೆ ನಿಲ್ಲದ ಅಳು ಕೇಳಿದಾಗ ಸಿಟ್ಟು ಬರುವುದು ಸಹಜ. ಆ ಸಿಟ್ಟಿನಲ್ಲಿ ಕೂಸನ್ನು ಹಿಡಿದು ಕುಲುಕಬೇಡಿ. ಅದರ ಕುತ್ತಿಗೆ ಇನ್ನೂ ಬಲಿತಿಲ್ಲ. ಕೆಲವೇ ಸೆಕೆಂಡು ಕುಲುಕಿದರೂ ಮೆದುಳಿನಲ್ಲಿ ರಕ್ತಸ್ರಾವವಾಗಿ ಕೂಸು ಕುರುಡಾಗಬಹುದು, ಸಾಯಲೂಬಹುದು. ತಾಳ್ಮೆ ಮೀರಿತೆನಿಸಿದರೆ ಕೂಸನ್ನು ತೊಟ್ಟಿಲಲ್ಲಿ ಬೆನ್ನ ಮೇಲೆ ಮಲಗಿಸಿ, ಮನೆಯವರನ್ನು ಎಬ್ಬಿಸಿ, ಐದು ನಿಮಿಷ ಹೊರಗೆ ಜಗಲಿಯಲ್ಲಿ ಕುಳಿತು ಬನ್ನಿ. ಐದು ನಿಮಿಷ ಅತ್ತರೆ ಕೂಸಿಗೆ ಏನೂ ಆಗುವುದಿಲ್ಲ.

ಸೀಸೆ ಬೇಕೇ ಬೇಕೆ?

ಸೀಸೆಯ ಪಾಠ ಹೇಳಿದೆನೆಂದು ಸೀಸೆಯ ಪಕ್ಷ ಹಿಡಿದೆನೆಂದು ತಿಳಿಯಬೇಡಿ. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ನೀರೂ ಬೇಡ, ಎಂಬುದು ವೈದ್ಯರ ಒಮ್ಮತ. 1992ರ ಕಾನೂನಿನಿಂದ ನಮ್ಮ ದೇಶದಲ್ಲಿ ಕೂಸಿನ ಹಾಲಿನ ಪುಡಿಗೂ ಹಾಲಿನ ಸೀಸೆಗೂ ಜಾಹೀರಾತು ಕೊಡುವಂತಿಲ್ಲ. ತಾಯಿ ಕೆಲಸಕ್ಕೆ ಹೋದರೂ ಹಾಲನ್ನು ಹಿಂಡಿ ಇಡಬಹುದು. ಕುದಿಸಿ ತೊಳೆದ ಸ್ಟೀಲು ಬಟ್ಟಲಲ್ಲಿ ಮುಚ್ಚಿ ತಂಪಾದ ಜಾಗದಲ್ಲಿಟ್ಟರೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ ಕೆಡದು. ಅದನ್ನು ಕುಡಿಸಲು ನಮ್ಮ ಮನೆಗಳ ಅಟ್ಟದಲ್ಲಿ ಒಳಲೆ ಇದೆಯಲ್ಲ! ಮೂತಿಯಿರುವ ಆ ಪುಟ್ಟ ಬಟ್ಟಲನ್ನು ಈಗ ಆಸ್ಪತ್ರೆಗಳಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳಿಗೂ ಬಳಸುತ್ತಾರೆ. ತೊಳೆಯುವುದು ಸುಲಭ, ರಬ್ಬರಿಲ್ಲ, ಮೂಲೆಯಿಲ್ಲ. ಹಳೆಯ ಕಾಲದಂತೆ ಚಾಚಿದ ಕಾಲ ಮೇಲೆ ಅಂಗಾತ ಮಲಗಿಸಿ ಗಂಟಲಿಗೆ ಸುರಿಯುವುದು ಮಾತ್ರ ಕೂಡದು. ಅರ್ಧ ಕೂರಿಸಿ, ಒಳಲೆಯ ಮೂತಿಯನ್ನು ಕೆಳತುಟಿಗೆ ತಾಗಿಸಿ, ಕೂಸು ತಾನೇ ನಾಲಿಗೆ ಚಾಚಿ ಎಳೆದುಕೊಳ್ಳುವಂತೆ ಹಿಡಿಯಿರಿ.

2017ರ ತಿದ್ದುಪಡಿಯಿಂದ, ಹತ್ತು ಮತ್ತು ಹೆಚ್ಚು ಜನ ದುಡಿಯುವ ಕಡೆ, ಮೊದಲ ಎರಡು ಹೆರಿಗೆಗೆ ಸಂಬಳಸಹಿತ 26 ವಾರ ರಜೆಯುಂಟು. ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ ಎಂಬತ್ತು ದಿನ ದುಡಿದಿರಬೇಕು. ಇ.ಎಸ್.ಐ. ಕಟ್ಟುತ್ತಿರುವವರಿಗೆ ಹಣ ಅಲ್ಲಿಂದ ಬರುತ್ತದೆ. ಕೆಲಸಕ್ಕೆ ಮರಳಿದ ಮೇಲೆ ಕೂಸಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಸಾರಿ ಹಾಲೂಡುವ ಬಿಡುವು, ಐವತ್ತು ಮತ್ತು ಹೆಚ್ಚು ಜನ ದುಡಿಯುವ ಕಾರ್ಖಾನೆಯಲ್ಲಿ ಕೂಸಿನ ಮನೆ, ಇವೂ ಕಾನೂನಿನಲ್ಲಿವೆ. ಎರಡು ತಿಂಗಳಿಗೇ ಸೊಸೆಯನ್ನು ಪಾಳಿಗೆ ಕಳಿಸುವ ಮುನ್ನ ಇದನ್ನು ಕೇಳಿ ತಿಳಿಯಿರಿ. ಹಾಲು ಇಂಗಿಹೋಯಿತೆಂದು ಕೈಬಿಟ್ಟ ತಾಯಂದಿರೂ ಕೂಸನ್ನು ಮತ್ತೆ ಮತ್ತೆ ಎದೆಗೆ ಹಚ್ಚಿದರೆ ಹಾಲು ಮರಳುವುದುಂಟು. ಹೆರಿಗೆಯಾದ ನಲವತ್ತೆರಡು ದಿನದೊಳಗೆ ಹಲವು ಬಾರಿ ಮನೆಗೆ ಬರುವ ಆಶಾ ಕಾರ್ಯಕರ್ತೆಯನ್ನು ಇದಕ್ಕೆ ನೆರವು ಕೇಳಿ.

ತಡಮಾಡಬಾರದ ಗುರುತುಗಳು

ಈ ಕೆಳಗಿನದರಲ್ಲಿ ಒಂದು ಕಂಡರೂ ಅದು ಬರೀ ಗಾಳಿಯಲ್ಲ; ಮನೆ ಮದ್ದು ಬಿಟ್ಟು ಹೊರಡಿ. ವಾಂತಿ ಹಸಿರು ಬಣ್ಣಕ್ಕಿದ್ದರೆ. ಪ್ರತಿ ಸಾರಿ ಕುಡಿದ ಹಾಲೆಲ್ಲ ಚಿಮ್ಮಿ ದೂರ ಬಿದ್ದರೆ. ಹೊಟ್ಟೆ ಮದ್ದಳೆಯಂತೆ ಬಿಗಿದು ಮಲವೂ ಗಾಳಿಯೂ ಹೋಗದಿದ್ದರೆ. ಮಲದಲ್ಲಿ ರಕ್ತ ಕಂಡರೆ. ಬಿಟ್ಟುಬಿಟ್ಟು ಚೀರಿ ನಡುವೆ ಬಿಳಿಚಿಕೊಂಡು ಸೋತು ಮಲಗಿದರೆ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಂಟಿಗ್ರೇಡ್, ಎಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಮುಟ್ಟಿದರೆ, ಹಾಲು ಬೇಡವೆಂದು ಬಾಯಿ ಬಿಗಿದು ಮಂಕಾದರೆ, ನೆತ್ತಿ ಕುಳಿಬಿದ್ದು ದಿನಕ್ಕೆ ಆರು ಬಟ್ಟೆಗಿಂತ ಕಡಮೆ ಒದ್ದೆಯಾದರೆ, ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ ಅರವತ್ತು ಮತ್ತು ಮೇಲ್ಪಟ್ಟು ಉಸಿರಾಡಿದರೆ, ತುಟಿ ನೀಲಿಯಾದರೆ, ಸೆಳವು ಬಂದರೆ. ರಾತ್ರಿಯಾದರೂ ಬೆಳಗಾಗಲೆಂದು ಕಾಯದೆ 108ಕ್ಕೆ ಫೋನು ಮಾಡಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ, ಇಲ್ಲವೆ ನೆಲಮಂಗಲದ ತಾಲ್ಲೂಕು ಆಸ್ಪತ್ರೆಗೆ ಕೂಸನ್ನು ಒಯ್ಯಿರಿ. ಹೋಗುವಾಗ ಹಾಲಿನ ಡಬ್ಬ, ಅದರ ಚಮಚ, ಕುಡಿಸುತ್ತಿದ್ದ ಸೀಸೆ ಮೂರನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ವೈದ್ಯರು ಮೊದಲು ಕೇಳುವುದು ಅದನ್ನೇ.